ಓವನ್‌ನಲ್ಲಿ ಬೆಂದ ಮುಸುಕಿನ ಜೋಳ: ಒಂದು ತಿನಿಸಿನ ಲಾಭ-ನಷ್ಟದ ಲೆಕ್ಕ

ಮುಂಗಾರಿನ ಸಂಜೆಗಳಲ್ಲಿ ಕೆಂಡದ ಮೇಲೆ ಸುಟ್ಟ ತೆನೆಗೆ ಉಪ್ಪು-ಖಾರ ಸವರಿ, ನಿಂಬೆಹೋಳಿನಿಂದ ಉಜ್ಜಿ ಕೊಡುವ ತಳ್ಳುಗಾಡಿಗಳು ಕರ್ನಾಟಕದ ಯಾವ ಪಟ್ಟಣಕ್ಕೂ ಹೊಸತಲ್ಲ. ದಕ್ಷಿಣದ ಜಿಲ್ಲೆಗಳಲ್ಲಿ ಮುಸುಕಿನ ಜೋಳವೆಂದೂ, ಉತ್ತರದಲ್ಲಿ ಗೋವಿನ ಜೋಳವೆಂದೂ, ದಾವಣಗೆರೆಯ ಕಡೆ ಮೆಕ್ಕೆಜೋಳವೆಂದೂ ಕರೆಯಲ್ಪಡುವ ಈ ಧಾನ್ಯವು ಇತ್ತೀಚಿನ ವರ್ಷಗಳಲ್ಲಿ ಬೀದಿಯ ಕೆಂಡದಿಂದ ಬೇಕರಿ ಮತ್ತು ಉಪಾಹಾರ ಗೃಹಗಳ ಓವನ್‌ಗೂ ಪ್ರವೇಶ ಪಡೆದಿದೆ. ಬೆಣ್ಣೆ, ಬೆಳ್ಳುಳ್ಳಿ, ಮೆಣಸಿನ ಪುಡಿ ಸವರಿ ಓವನ್‌ನಲ್ಲಿ ಬೇಯಿಸಿದ ಸ್ವೀಟ್ ಕಾರ್ನ್ ಊಟದ ಜೊತೆಗೆ ನೀಡುವ ಸೈಡ್ ಡಿಶ್ ಆಗಿ ಗ್ರಾಹಕರ ಮೆಚ್ಚುಗೆಗೆ ಪಾತ್ರವಾಗುತ್ತಿದೆ.

ನೋಡಲು ಇದು ಸರಳವಾದ ತಿನಿಸು. ಹೊಸ ಯಂತ್ರ ಬೇಡ, ನುರಿತ ಬಾಣಸಿಗನೂ ಬೇಡ. ಆದರೆ ಇದನ್ನು ವ್ಯಾಪಾರವಾಗಿ ಪರಿಗಣಿಸಿದಾಗ ಕಚ್ಚಾ ಮಾಲಿನ ಗುಣ, ಉಳಿಕೆಯ ನಷ್ಟ ಮತ್ತು ತೆರಿಗೆಯ ಹೊಣೆ ಎಂಬ ಮೂರು ಅಂಶಗಳು ಎದುರಾಗುತ್ತವೆ. ಈ ಮೂರನ್ನೂ ಮೊದಲೇ ಲೆಕ್ಕ ಹಾಕದ ವರ್ತಕನಿಗೆ ಚೆನ್ನಾಗಿ ಮಾರಾಟವಾಗುವ ತಿನಿಸೇ ಹೊರೆಯಾಗಿ ಪರಿಣಮಿಸಬಹುದು.

ಹಿನ್ನೆಲೆ

ಮುಸುಕಿನ ಜೋಳದ ಮೂಲಸ್ಥಾನ ಮೆಕ್ಸಿಕೊ. ಅಲ್ಲಿನ ಬಾಲ್ಸಾಸ್ ನದಿ ಕಣಿವೆಯಲ್ಲಿ ಸುಮಾರು 9,000 ವರ್ಷಗಳ ಹಿಂದೆ ಟಿಯೋಸಿಂಟೆ ಎಂಬ ಕಾಡು ಹುಲ್ಲಿನಿಂದ ಈ ಬೆಳೆಯನ್ನು ರೂಢಿಸಲಾಯಿತೆಂಬುದು ವಿಜ್ಞಾನಿಗಳ ಅಭಿಪ್ರಾಯ. ಸೋಮನಾಥಪುರದ ಹೊಯ್ಸಳ ದೇವಾಲಯದ ಶಿಲ್ಪಗಳ ಕೈಯಲ್ಲಿರುವುದು ಈ ತೆನೆಯೇ ಎಂದು 1989ರಲ್ಲಿ ಇಬ್ಬರು ಅಮೆರಿಕನ್ ವಿದ್ವಾಂಸರು ವಾದಿಸಿದ್ದುಂಟು. ಆದರೆ ಬಹುತೇಕ ತಜ್ಞರು ಅದನ್ನು ಒಪ್ಪಿಲ್ಲ. ಮೆಕ್ಸಿಕೊದ ಬೀದಿಗಳಲ್ಲಿ ಇಂದಿಗೂ ಎಲೋಟೆ ಎಂಬ ಹೆಸರಿನಲ್ಲಿ ತೆನೆಗೆ ಮೆಯೊನೇಸ್, ಚೀಸ್, ಮೆಣಸಿನ ಪುಡಿ ಹಾಗೂ ನಿಂಬೆಯ ರಸ ಸವರಿ ಮಾರುತ್ತಾರೆ. ಖಾರ ಮತ್ತು ಹುಳಿಯ ಈ ಜೋಡಿ ನಮ್ಮ ತಳ್ಳುಗಾಡಿಯ ರುಚಿಗೆ ದೂರದ್ದಲ್ಲ. ಅಮೆರಿಕದಲ್ಲಿ ಬೆಣ್ಣೆ ಸವರಿದ ತೆನೆಯು ಬೇಸಿಗೆಯ ಊಟದ ಸಾಮಾನ್ಯ ಸೈಡ್ ಡಿಶ್.

ಓವನ್‌ಗೆ ತಕ್ಕ ತೆನೆ ಯಾವುದು?

ಕಾಳಿಗಾಗಿ ಬೆಳೆಯುವ ಜೋಳಕ್ಕೂ ಸ್ವೀಟ್ ಕಾರ್ನ್‌ಗೂ ಇರುವ ವ್ಯತ್ಯಾಸವನ್ನು ಖರೀದಿದಾರರು ಮೊದಲು ಅರಿಯಬೇಕು. ಸಾಮಾನ್ಯ ಜೋಳದಲ್ಲಿ ಸಕ್ಕರೆಯ ಅಂಶ ಬೇಗನೆ ಪಿಷ್ಟವಾಗಿ ಮಾರ್ಪಡುತ್ತದೆ. ಅಂತಹ ತೆನೆ ಕೆಂಡದ ತೀವ್ರ ಶಾಖದಲ್ಲಿ ಕೆಲವೇ ನಿಮಿಷಗಳಲ್ಲಿ ಸುಟ್ಟು ರುಚಿಯಾಗುತ್ತದೆ. ಓವನ್‌ನ ಒಣ ಶಾಖದಲ್ಲಿ ಅರ್ಧ ತಾಸು ಇಟ್ಟರೆ ಕಾಳು ಗಡುಸಾಗುತ್ತದೆ. ಸ್ವೀಟ್ ಕಾರ್ನ್‌ನಲ್ಲಿ ಒಂದು ವಂಶವಾಹಿಯ ಬದಲಾವಣೆಯಿಂದಾಗಿ ಸಕ್ಕರೆ ಕಾಳಿನಲ್ಲೇ ಉಳಿಯುತ್ತದೆ. ಇಂದು ಮಾರುಕಟ್ಟೆಯಲ್ಲಿರುವ ಅತಿಸಿಹಿ ತಳಿಗಳಿಗೆ ಆಧಾರವಾದ ವಂಶವಾಹಿಯ ಈ ಗುಣವನ್ನು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ಲಾಫ್ನನ್ ಅವರು 1953ರಲ್ಲಿ ಪ್ರಕಟಪಡಿಸಿದರು.

ತಾಜಾತನವೇ ಇಲ್ಲಿ ಬಂಡವಾಳ. ಹಳೆಯ ಬಗೆಯ ಸ್ವೀಟ್ ಕಾರ್ನ್ ತೆನೆಯನ್ನು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ದಿನ ಇಟ್ಟರೆ ಅದರ ಸಕ್ಕರೆಯಲ್ಲಿ ಅರ್ಧಕ್ಕಿಂತ ಹೆಚ್ಚು ನಷ್ಟವಾಗುತ್ತದೆ. ಸೊನ್ನೆ ಡಿಗ್ರಿಯ ಸಮೀಪದಲ್ಲಿಟ್ಟರೆ ನಷ್ಟ ಅತ್ಯಲ್ಪ. ಅತಿಸಿಹಿ ತಳಿಗಳು ಹೆಚ್ಚು ದಿನ ತಾಳಿದರೂ ಶೀತಲ ಸಂಗ್ರಹಣೆಯ ಅಗತ್ಯ ಅವುಗಳಿಗೂ ಉಂಟು. ಬೆಳಗಿನ ಜಾವ ಕಟಾವು ಮಾಡಿ, ಸಿಪ್ಪೆ ಸುಲಿಯದೆ, ಅಂದೇ ಪೂರೈಸುವ ರೈತನೊಡನೆ ನೇರ ಒಪ್ಪಂದ ಮಾಡಿಕೊಳ್ಳುವುದು ಆದ್ದರಿಂದಲೇ ಲಾಭದಾಯಕ. ಉಗುರಿನಿಂದ ಕಾಳನ್ನು ಒತ್ತಿದಾಗ ಹಾಲಿನಂತಹ ರಸ ಚಿಮ್ಮಬೇಕು. ನೀರಿನಂತಹ ರಸ ಬಂದರೆ ತೆನೆ ಎಳೆಯದು, ಹಿಟ್ಟಿನಂತಿದ್ದರೆ ಬಲಿತದ್ದು.

ರೈತನಿಗೂ ಇದರಲ್ಲಿ ಹಿತವಿದೆ. ಕಾಳಿನ ಬೆಳೆಗೆ ನಾಲ್ಕು ತಿಂಗಳ ಹತ್ತಿರ ಕಾಯಬೇಕಾದರೆ ಸ್ವೀಟ್ ಕಾರ್ನ್ ತೆನೆ ಮೂರು ತಿಂಗಳೊಳಗೆ ಕೈಗೆ ಬರುತ್ತದೆ. ಹಸಿರು ದಂಟು ಜಾನುವಾರುಗಳ ಮೇವಾಗುತ್ತದೆ. 2025-26ನೇ ಸಾಲಿಗೆ ಕೇಂದ್ರ ಸರ್ಕಾರವು ಮೆಕ್ಕೆಜೋಳಕ್ಕೆ ಕ್ವಿಂಟಾಲ್‌ಗೆ 2,400 ರೂಪಾಯಿಗಳ ಬೆಂಬಲ ಬೆಲೆ ಘೋಷಿಸಿದ್ದರೂ, 2025ರ ಕೊನೆಯ ತಿಂಗಳುಗಳಲ್ಲಿ ರಾಜ್ಯದ ಮಾರುಕಟ್ಟೆಗಳಲ್ಲಿ ದರ ಅದಕ್ಕಿಂತ ಬಹಳ ಕೆಳಗಿಳಿದು ಬೆಳೆಗಾರರು ಬೀದಿಗಿಳಿದುದು ಎಲ್ಲರಿಗೂ ತಿಳಿದ ಸಂಗತಿ. ಹಸಿ ತೆನೆಯ ಮಾರುಕಟ್ಟೆ ಚಿಕ್ಕದಾದರೂ, ನಗರಗಳ ಸಮೀಪದ ರೈತರಿಗೆ ಅದೊಂದು ಬೇರೆ ದಾರಿ.

ತಯಾರಿಕೆಯ ಕ್ರಮ

ಸಿಪ್ಪೆ ಹಾಗೂ ಕೂದಲಿನ ಎಳೆಗಳನ್ನು ತೆಗೆದ ತೆನೆಗೆ, ಮೃದುವಾದ ಬೆಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ, ಉಪ್ಪು, ಮೆಣಸಿನ ಪುಡಿ ಮತ್ತು ಕಾಳುಮೆಣಸಿನ ಪುಡಿ ಕಲಸಿದ ಮಿಶ್ರಣವನ್ನು ಎಲ್ಲ ಕಡೆಗೂ ಸವರಬೇಕು. 200 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕಾಯಿಸಿದ ಓವನ್‌ನಲ್ಲಿ 25ರಿಂದ 30 ನಿಮಿಷ ಬೇಯಿಸಿ, ನಡುವೆ ಒಮ್ಮೆ ತಿರುಗಿಸಬೇಕು. ಫ್ಯಾನ್ ಇರುವ ಓವನ್‌ನಲ್ಲಿ ಉಷ್ಣತೆಯನ್ನು 15ರಿಂದ 20 ಡಿಗ್ರಿ ತಗ್ಗಿಸುವುದು ವಾಡಿಕೆ. ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿಟ್ಟರೆ ತೆನೆ ತನ್ನದೇ ಹಬೆಯಲ್ಲಿ ಬೆಂದು ರಸಭರಿತವಾಗುತ್ತದೆ, ಆದರೆ ಸುಟ್ಟ ಪರಿಮಳ ಬರುವುದಿಲ್ಲ. ಕೊನೆಯ ಐದಾರು ನಿಮಿಷ ಫಾಯಿಲ್ ಬಿಡಿಸಿಟ್ಟರೆ ಎರಡೂ ಗುಣಗಳು ದೊರೆಯುತ್ತವೆ. ಹುಳಿಯು ಅಲ್ಯೂಮಿನಿಯಂನೊಡನೆ ವರ್ತಿಸುವುದರಿಂದ ನಿಂಬೆರಸವನ್ನು ಓವನ್‌ನಿಂದ ಹೊರತೆಗೆದ ಮೇಲೆಯೇ ಹಿಂಡಬೇಕು. ಕೊತ್ತಂಬರಿ ಸೊಪ್ಪನ್ನೂ ಆಗಲೇ ಉದುರಿಸಬೇಕು. ಬಿಡಿಸಿದ ಕಾಳನ್ನಾದರೆ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ 15ರಿಂದ 20 ನಿಮಿಷ ಬೇಯಿಸಿದರೆ ಸಾಕು.

ಬೇಕರಿಗಳಿಗೆ ಇಲ್ಲೊಂದು ಸಹಜ ಅನುಕೂಲವಿದೆ. ಬ್ರೆಡ್, ಬನ್ ಬೆಂದ ನಂತರ ದೊಡ್ಡ ಓವನ್‌ನ ಶಾಖ ನಿಧಾನವಾಗಿ ಇಳಿಯುತ್ತದೆ. ಆ ಶಾಖವು ಈಗಾಗಲೇ ಖರ್ಚಾದ ಇಂಧನದ ಫಲ. ಅದನ್ನು ಬಳಸಿಕೊಳ್ಳುವ ಯಾವುದೇ ಉತ್ಪನ್ನಕ್ಕೆ ಹೆಚ್ಚುವರಿ ಇಂಧನ ವೆಚ್ಚ ಕಡಿಮೆ.

ಒಂದು ದಿನದ ಲೆಕ್ಕ

ದಿನಕ್ಕೆ 60 ತೆನೆಗಳನ್ನು ತಯಾರಿಸುವ ಒಂದು ಬೇಕರಿಯನ್ನು ಉದಾಹರಣೆಯಾಗಿ ಪರಿಗಣಿಸಬಹುದು. ದರಗಳು ಕೇವಲ ಲೆಕ್ಕದ ಅನುಕೂಲಕ್ಕಾಗಿ ಊಹಿಸಿದಂತಹವು; ಪ್ರತಿಯೊಬ್ಬರೂ ತಮ್ಮ ಊರಿನ ದರಗಳನ್ನು ಅಳವಡಿಸಿಕೊಳ್ಳಬೇಕು.

ಹುಳುಕು, ಅರೆಕಾಳಿನ ತೆನೆಗಳಿಗೆ ನಾಲ್ಕನ್ನು ಬಿಟ್ಟು, 64 ತೆನೆಗಳಿಗೆ ತಲಾ 14 ರೂಪಾಯಿಯಂತೆ 896 ರೂ.; ತೆನೆಗೆ 8 ಗ್ರಾಂನಂತೆ 480 ಗ್ರಾಂ ಬೆಣ್ಣೆಗೆ, ಕಿಲೋಗೆ 600 ರೂಪಾಯಿಯ ದರದಲ್ಲಿ, 288 ರೂ.; ಮಸಾಲೆ, ನಿಂಬೆ, ಸೊಪ್ಪಿಗೆ 90 ರೂ.; ಫಾಯಿಲ್, ಕಾಗದದ ತಟ್ಟೆಗೆ 150 ರೂ.; ವಿದ್ಯುತ್ತಿಗೆ 36 ರೂ.; ಸಹಾಯಕನ ಹೆಚ್ಚುವರಿ ಒಂದು ಗಂಟೆಯ ಕೂಲಿ 100 ರೂ. ಒಟ್ಟು 1,560 ರೂ., ಅಂದರೆ ತೆನೆಗೆ 26 ರೂ.

ತೆನೆಗೆ 40 ರೂಪಾಯಿಯಂತೆ 60 ತೆನೆಗಳೂ ಮಾರಾಟವಾದರೆ 2,400 ರೂ. ಬಂದು 840 ರೂ. ಉಳಿಯುತ್ತದೆ. ಆದರೆ ಈ ಅಂಕಿಯನ್ನೇ ನೆಚ್ಚಿ ಕೂಡುವುದು ಅಪಾಯಕರ. 45 ತೆನೆ ಮಾತ್ರ ಮಾರಾಟವಾದರೆ ಉಳಿಯುವುದು 240 ರೂ. 39 ತೆನೆಗಳಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. 35ಕ್ಕೆ ಇಳಿದರೆ 160 ರೂ. ನಷ್ಟ. ತೆನೆಯೊಂದಕ್ಕೆ 14 ರೂ. ಲಾಭವೆಂದು ಭಾವಿಸುವ ವರ್ತಕನು, ಉಳಿದುಹೋದ ಪ್ರತಿ ತೆನೆಯೂ 26 ರೂ. ತಿನ್ನುತ್ತದೆಂಬುದನ್ನು ಮರೆಯುತ್ತಾನೆ. ಒಂದು ತೆನೆ ಉಳಿದರೆ ಸುಮಾರು ಎರಡು ತೆನೆಗಳ ಲಾಭ ಹೋಯಿತು.

ಇದಕ್ಕೆ ಪರಿಹಾರ ಅಡಿಗೆಯ ಕ್ರಮದಲ್ಲಿಯೇ ಇದೆ. ಬೇಯಿಸದ ತೆನೆಯನ್ನು ಶೀತಲ ಪೆಟ್ಟಿಗೆಯಲ್ಲಿಟ್ಟರೆ ಅದು ಮರುದಿನಕ್ಕೆ ದಾಸ್ತಾನು. ಬೇಯಿಸಿದ ತೆನೆ ಅಂದೇ ಮಾರಾಟವಾಗಬೇಕು. ಆದುದರಿಂದ 30 ತೆನೆಗಳ ಎರಡು ಸರದಿಗಳಾಗಿ ವಿಂಗಡಿಸಿ, ಮೊದಲ ಸರದಿಯ ಮಾರಾಟವನ್ನು ಗಮನಿಸಿದ ಮೇಲೆಯೇ ಎರಡನೆಯದನ್ನು ಓವನ್‌ಗೆ ಇಡಬೇಕು. ಮಸಾಲೆ ಬೆಣ್ಣೆಯನ್ನು ಬೇಕಾದಷ್ಟು ಮಾತ್ರ ಸವರಬೇಕು. ಬೆಂದ ತೆನೆಯನ್ನು ಮಾರಾಟದವರೆಗೆ 60 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಇರಿಸುವುದು ಆಹಾರ ಸುರಕ್ಷತೆಯ ದೃಷ್ಟಿಯಿಂದಲೂ ಅಗತ್ಯ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅಡಿಯಲ್ಲಿ ನೋಂದಣಿ ಅಥವಾ ಪರವಾನಗಿ ಪಡೆದಿರಬೇಕೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಹಸಿ ತೆನೆಗೆ ಇಲ್ಲದ ತೆರಿಗೆ

ಸರಕು ಮತ್ತು ಸೇವಾ ತೆರಿಗೆಯಲ್ಲಿ ತಾಜಾ ತರಕಾರಿಗೆ ವಿನಾಯಿತಿ ಇದೆ. ಹಸಿ ತೆನೆಯೂ ಅದರಲ್ಲಿ ಸೇರಿದೆ. ಅದೇ ತೆನೆಯನ್ನು ಬೇಯಿಸಿ ಗ್ರಾಹಕನಿಗೆ ಬಡಿಸಿದಾಗ ಅದು ರೆಸ್ಟೋರೆಂಟ್ ಸೇವೆಯಾಗುತ್ತದೆ. ಇದಕ್ಕೆ ಸಾಮಾನ್ಯವಾಗಿ ಅನ್ವಯಿಸುವ ದರ, ಹೂಡುವಳಿ ತೆರಿಗೆ ಜಮೆ ಇಲ್ಲದೆ, ಶೇಕಡ 5. ಒಂದೇ ಧಾನ್ಯ ಸಂಸ್ಕರಣೆಗೆ ಅನುಗುಣವಾಗಿ ಬೇರೆ ಬೇರೆ ದರಕ್ಕೆ ಒಳಗಾಗುವುದಕ್ಕೆ ಪಾಪ್‌ಕಾರ್ನ್ ಪ್ರಸಂಗವೇ ಸಾಕ್ಷಿ. 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿಯ 55ನೇ ಸಭೆಯು, ಉಪ್ಪು-ಮಸಾಲೆಯ ಬಿಡಿ ಪಾಪ್‌ಕಾರ್ನ್‌ಗೆ ಶೇ. 5, ಪೊಟ್ಟಣದ್ದಕ್ಕೆ ಶೇ. 12, ಸಕ್ಕರೆ ಪಾಕದ್ದಕ್ಕೆ ಶೇ. 18 ಎಂದು ಸ್ಪಷ್ಟೀಕರಿಸಿತು. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ದರ ಪರಿಷ್ಕರಣೆಯಲ್ಲಿ ಇವೆಲ್ಲವೂ ಶೇ. 5ಕ್ಕೆ ಬಂದವು.

ಮೇಲಿನ ಉದಾಹರಣೆಯ ಬೇಕರಿ ನೋಂದಾಯಿತವಾಗಿದ್ದು, 40 ರೂಪಾಯಿಯಲ್ಲೇ ತೆರಿಗೆಯೂ ಸೇರಿದ್ದರೆ ತೆನೆಗೆ 1.90 ರೂ. ಸರ್ಕಾರಕ್ಕೆ ಸಲ್ಲುತ್ತದೆ. ಆಗ ಲಾಭ-ನಷ್ಟ ಸಮಗೊಳ್ಳಲು 39ರ ಬದಲು 41 ತೆನೆಗಳು ಮಾರಾಟವಾಗಬೇಕು. ಇದು ಭರಿಸಲಾಗದ ಹೊರೆಯಲ್ಲ. ನಿಜವಾದ ತೊಡಕು ಇರುವುದು ನೋಂದಣಿಯ ಮಿತಿಯಲ್ಲಿ.

ವಿನಾಯಿತಿ ಪಡೆದ ಸರಕನ್ನು ಮಾತ್ರ ಮಾರುವವನಿಗೆ ವಹಿವಾಟು ಎಷ್ಟೇ ಇರಲಿ, ಕಾಯ್ದೆಯ 23ನೇ ಕಲಮಿನ ಪ್ರಕಾರ ನೋಂದಣಿಯ ಹೊಣೆಯಿಲ್ಲ. ವರ್ಷಕ್ಕೆ 38 ಲಕ್ಷ ರೂ. ವಹಿವಾಟಿನ ಒಂದು ತರಕಾರಿ ಅಂಗಡಿ ಈ ಗುಂಪಿಗೆ ಸೇರುತ್ತದೆ. ಅದೇ ಅಂಗಡಿಯವನು ಮೂಲೆಯಲ್ಲೊಂದು ಓವನ್ ಇಟ್ಟು ವರ್ಷಕ್ಕೆ 3 ಲಕ್ಷ ರೂ. ಮೌಲ್ಯದ ಬೆಂದ ತೆನೆ ಮಾರಿದನೆಂದರೆ, ಆ ರಕ್ಷಣೆ ಕಳಚಿಬೀಳುತ್ತದೆ. ಒಟ್ಟು ವಹಿವಾಟಿನ ಲೆಕ್ಕದಲ್ಲಿ ವಿನಾಯಿತಿಯ ಮಾರಾಟವೂ ಸೇರುವುದರಿಂದ ಆತನ ವಹಿವಾಟು 41 ಲಕ್ಷ ರೂ. ಎಂದಾಗುತ್ತದೆ. ಸೇವೆಯೂ ಇರುವುದರಿಂದ ಆತನಿಗೆ ಅನ್ವಯಿಸುವ ಮಿತಿ 20 ಲಕ್ಷ ರೂ. ಮಾತ್ರ. ತೆರಿಗೆ ಬೀಳುವುದು 3 ಲಕ್ಷದ ಮೇಲೆ, ಅಂದರೆ 15,000 ರೂ.; ಆದರೆ ನೋಂದಣಿ, ವಿವರಪಟ್ಟಿ ಸಲ್ಲಿಕೆ, ತಡವಾದರೆ ಶುಲ್ಕ ಮತ್ತು ಬಡ್ಡಿ ಇವೆಲ್ಲವೂ ಇಡೀ ಅಂಗಡಿಯ ಹೆಗಲೇರುತ್ತವೆ. ರಾಜಿ ತೆರಿಗೆ ಪದ್ಧತಿಯನ್ನು ಆಯ್ದುಕೊಳ್ಳುವ ಮುನ್ನವೂ ಶೇ. 5ರ ದರ ಯಾವ ವಹಿವಾಟಿನ ಮೇಲೆ ಬೀಳುತ್ತದೆಂಬುದನ್ನು ತಮ್ಮ ಲೆಕ್ಕಪರಿಶೋಧಕರೊಡನೆ ಪರಿಶೀಲಿಸುವುದು ಲೇಸು. ಆ ಪದ್ಧತಿಯಲ್ಲಿ ಗ್ರಾಹಕನಿಂದ ತೆರಿಗೆ ವಸೂಲು ಮಾಡುವಂತಿಲ್ಲ.

2025ರ ಜುಲೈ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆಯು ಯುಪಿಐ ಜಮೆಗಳ ಆಧಾರದ ಮೇಲೆ ಸಣ್ಣ ವರ್ತಕರಿಗೆ ನೋಟಿಸ್ ನೀಡಿದಾಗ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳವರು ಗಾಬರಿಗೊಂಡುದು ಇನ್ನೂ ಮರೆತಿಲ್ಲ. ಕೆಲವರು ಯುಪಿಐ ಫಲಕವನ್ನೇ ತೆಗೆದುಹಾಕಿ ನಗದು ಮಾತ್ರ ಎಂದು ಬರೆದರು. ವಿನಾಯಿತಿ ಸರಕಿನ ವರ್ತಕರಿಂದ ಬಾಕಿ ವಸೂಲು ಮಾಡುವುದಿಲ್ಲವೆಂದು ಸರ್ಕಾರ ಭರವಸೆ ನೀಡಿದ ಮೇಲೆ ಆತಂಕ ತಗ್ಗಿತು. ಆದರೆ ಆ ಭರವಸೆಯ ಪ್ರಯೋಜನ ಪಡೆಯಲು ಯಾವ ಜಮೆ ಹಸಿ ತರಕಾರಿಯದು, ಯಾವುದು ಬೇಯಿಸಿದ ತಿನಿಸಿನದು ಎಂಬುದನ್ನು ತೋರಿಸುವ ದಾಖಲೆ ಬೇಕು. ಬ್ಯಾಂಕಿನ ಪಟ್ಟಿಯಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ.

ಹೊಸ ತಿನಿಸನ್ನು ಆರಂಭಿಸುವವರು ಮೊದಲ ಹದಿನೈದು ದಿನ ಪ್ರಾಯೋಗಿಕವಾಗಿ ನಡೆಸಿ, ಒಂದು ಸಾಧಾರಣ ಪುಸ್ತಕದಲ್ಲಿ ಖರೀದಿಸಿದ ತೆನೆ, ತೆಗೆದುಹಾಕಿದ್ದು, ಬೇಯಿಸಿದ್ದು, ಮಾರಾಟವಾದದ್ದು ಮತ್ತು ಉಳಿದದ್ದು ಎಂಬ ಐದು ಕಲಮುಗಳನ್ನು ಬರೆದಿಡಬೇಕು. ಹಸಿ ಮಾರಾಟಕ್ಕೂ ಬೇಯಿಸಿದ್ದಕ್ಕೂ ಬೇರೆ ಬಿಲ್ ಪುಸ್ತಕ, ಸಾಧ್ಯವಾದರೆ ಬೇರೆ ಕ್ಯೂಆರ್ ಕೋಡ್ ಇರಿಸಬೇಕು. ಹದಿನೈದನೆಯ ದಿನದ ರಾತ್ರಿ ಆ ಪುಸ್ತಕವನ್ನು ಕೂಡಿಸಿ ನೋಡಿದಾಗ, ದಿನಕ್ಕೆ ಎಷ್ಟು ತೆನೆ ಬೇಯಿಸಬೇಕೆಂಬುದೂ, ಓವನ್ ಅಂಗಡಿಯಲ್ಲಿ ಉಳಿಯಬೇಕೇ ಬೇಡವೇ ಎಂಬುದೂ ವರ್ತಕನಿಗೆ ತಾನಾಗಿಯೇ ತಿಳಿಯುತ್ತದೆ.