ಹಾಲಿನ ಗಾಡಿಯ ಹೆಡ್‌ಲೈಟು ಮಂಕಾದರೆ ಬಲ್ಬೊಂದೇ ಕಾರಣವಲ್ಲ



ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಖನಿಜ ಮಿಶ್ರಣ ಎಂದು ಬರೆಯಬೇಕಾದ ಪಶುವೈದ್ಯಾಧಿಕಾರಿ ಈ ಸಲ ಗಾಡಿಯ ಹೆಡ್‌ಲೈಟಿನ ವಿಷಯ ಏಕೆ ಹಿಡಿದರು ಎಂದು ತಮಗೆ ಅನಿಸಬಹುದು. ಕಾರಣವಿದೆ. ರೈತಾಪಿ ಕೆಲಸಗಳಲ್ಲಿ ದಿನಾ ತಪ್ಪದೆ ಕತ್ತಲಲ್ಲಿ ರಸ್ತೆಗಿಳಿಯಬೇಕಾದ ಕಸುಬು ಹೈನುಗಾರಿಕೆ. ಜನವರಿಯಲ್ಲಿ ನಮ್ಮ ಬೆಂಗಳೂರು ಕಡೆ ಸೂರ್ಯ ಹುಟ್ಟುವಾಗ ಸುಮಾರು 6.45 ಗಂಟೆ. ಅಷ್ಟು ಹೊತ್ತಿಗೆ ಹಾಲು ಕರೆದು, ಕ್ಯಾನು ಕಟ್ಟಿ, ಸಂಘಕ್ಕೆ ಹಾಕಿ ಬಂದಾಗಿರುತ್ತದೆ. ಸಂಜೆಯ ಹಾಲು ಹಾಕಿ ಹಿಂದಿರುಗುವಾಗಲೂ ಕತ್ತಲೆಯೇ. ರಾತ್ರಿ ಹೊತ್ತು ಕರು ಅಡ್ಡವಾಗಿ ಹಸು ತಿಣುಕುತ್ತಿದೆ ಎಂದು ಕರೆ ಬಂದರೆ ನಾವು ಹೊರಡುವುದೂ ಕತ್ತಲಲ್ಲೇ.

ಚಿಕ್ಕಬಾಣಾವರದಿಂದ ಸೋಲದೇವನಹಳ್ಳಿ ದಾಟಿ ಹೆಸರಘಟ್ಟದ ಕಡೆಗೆ ಹೋಗುವ ರಸ್ತೆಯನ್ನೇ ತೆಗೆದುಕೊಳ್ಳಿ. ಒಂದು ಕಾಲಕ್ಕೆ ಇಲ್ಲಿ ಎತ್ತಿನ ಗಾಡಿ, ಸೈಕಲ್ಲು, ಆಗೊಂದು ಈಗೊಂದು ಬಸ್ಸು. ಈಗ ಕಾಲೇಜು, ಬಡಾವಣೆ, ಲಾರಿ, ನೂರಾರು ಬೈಕು. ಅಂಗಡಿ ಸಾಲಿನ ಮುಂದೆ ಝಗಝಗ ಬೆಳಕು, ಅದು ಮುಗಿದ ಕೂಡಲೇ ಕತ್ತಲೆ. ಬೆಳಕಿನಿಂದ ಕತ್ತಲೆಗೆ ಹೊಕ್ಕಾಗ ನಮ್ಮ ಕಣ್ಣು ಪೂರ್ತಿ ಹೊಂದಿಕೊಳ್ಳಲು ಹಲವು ನಿಮಿಷ ಬೇಕು. ಎದುರಿನ ಗಾಡಿಯ ಬೆಳಕು ಕಣ್ಣಿಗೆ ಹೊಡೆದರೆ ಮತ್ತೆ ರಸ್ತೆ ಕಾಣಲು ಕೆಲವು ಸೆಕೆಂಡಾದರೂ ಹಿಡಿಯುತ್ತದೆ. ವಯಸ್ಸಾದಂತೆ ಈ ಸಮಯ ಹೆಚ್ಚುತ್ತದೆ.

ಸೆಕೆಂಡು ಎಂದರೆ ಹಗುರವಾಗಿ ಕಾಣುತ್ತದೆ. ಲೆಕ್ಕ ಹಾಕಿ ನೋಡಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರು ಓಡುತ್ತದೆ. ಏನೋ ಅಡ್ಡ ಬಂತೆಂದು ತಿಳಿದು ಕಾಲು ಬ್ರೇಕಿಗೆ ಹೋಗುವ ಒಂದೂವರೆ ಸೆಕೆಂಡಿನಲ್ಲಿ 16 ಮೀಟರು ಕಳೆಯಿತು. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿದ್ದರೆ ನಿಲ್ಲಲು ಇನ್ನೊಂದು ಹತ್ತು ಮೀಟರು. ಒಟ್ಟು 26-27 ಮೀಟರು. ಅದೇ 60 ಕಿ.ಮೀ. ವೇಗವಾದರೆ ಸುಮಾರು 48 ಮೀಟರು ಬೇಕು. ಮಂಕು ಹೆಡ್‌ಲೈಟು ನಿಮಗೆ ರಸ್ತೆಯನ್ನು ಇಪ್ಪತ್ತೈದು ಮೀಟರಿನವರೆಗೆ ಮಾತ್ರ ತೋರಿಸುತ್ತಿದ್ದರೆ, 60ರ ವೇಗದಲ್ಲಿ ಅಡ್ಡ ನಿಂತ ಎಮ್ಮೆಗೆ ನೀವು ಗುದ್ದಿಯೇ ತೀರುತ್ತೀರಿ. ಬ್ರೇಕು ಎಷ್ಟೇ ಚೆನ್ನಾಗಿದ್ದರೂ ಅಷ್ಟೇ.

ದನ ಮೊದಲೇ ಕಾಣುತ್ತದೆ, ಅದರ ಕಣ್ಣು ಹೊಳೆಯುತ್ತದಲ್ಲ ಎನ್ನುವವರಿದ್ದಾರೆ. ಹೊಳೆಯುವುದು ನಿಜ. ದನದ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರವೊಂದಿದೆ. ಒಳಗೆ ಹೋದ ಬೆಳಕನ್ನು ಅದು ವಾಪಸು ಕಳಿಸುವುದರಿಂದ ನಮಗೆ ನೀಲಿ-ಹಸಿರು ಹೊಳಪು ಕಾಣುತ್ತದೆ. ಆದರೆ ದನ ನಮ್ಮ ಕಡೆ ಮುಖ ಮಾಡಿದ್ದರೆ ಮಾತ್ರ. ರಸ್ತೆ ಪಕ್ಕ ಮೇಯುವ ಹಸು ಹೆಚ್ಚಾಗಿ ಬೆನ್ನು ತೋರಿಸಿಯೋ ತಲೆ ತಗ್ಗಿಸಿಯೋ ಇರುತ್ತದೆ. ಕಪ್ಪು ಬಿಳುಪಿನ ಎಚ್‌.ಎಫ್. ಹಸುವಿನಲ್ಲಿ ಬಿಳಿ ಮಚ್ಚೆಯಷ್ಟೇ ಕಂಡು ಅದು ಕಾಗದವೋ ಗೋಣಿ ಚೀಲವೋ ಎಂದು ಮೋಸ ಹೋಗುವುದುಂಟು. ಎಮ್ಮೆಯದಂತೂ ಹೇಳುವುದೇ ಬೇಡ.

ಈಗ ಮುಖ್ಯ ವಿಷಯ. ಬೆಳಕು ಸಾಲದು ಎನಿಸಿದ ಕೂಡಲೇ ಎಲ್ಲರೂ ಮಾಡುವ ಕೆಲಸ ಅಂಗಡಿಗೆ ಹೋಗಿ ದೊಡ್ಡ ಬಲ್ಬು ಕೇಳುವುದು. ಹಸು ಹಾಲು ಕಡಿಮೆ ಮಾಡಿದ ಕೂಡಲೇ ಇಂಜೆಕ್ಷನ್ ಕೇಳಿದ ಹಾಗೆ ಇದು. ಮೇವು ನೋಡಿದಿರಾ, ನೀರು ನೋಡಿದಿರಾ, ಕೆಚ್ಚಲು ಮುಟ್ಟಿ ನೋಡಿದಿರಾ ಎಂದು ನಾವು ಕೇಳುತ್ತೇವಲ್ಲ, ಗಾಡಿಯ ವಿಷಯದಲ್ಲೂ ಅದೇ ಕ್ರಮ ಇರಲಿ.

ಮೊದಲು ಗಾಜು. ಕೆಸರು, ಧೂಳು, ಹುಳುವಿನ ಕಲೆ ಇದ್ದರೆ ಸೋಪು ನೀರಿನಲ್ಲಿ ತೊಳೆಯಿರಿ. ಹಳೆಯ ಜೀಪು, ಕಾರುಗಳಿಗೆ ನಿಜವಾದ ಗಾಜಿತ್ತು, ತೊಳೆದರೆ ಮುಗಿಯಿತು. ಈಚಿನ ಗಾಡಿಗಳಿಗೆ ಗಾಜಲ್ಲ, ಪ್ಲಾಸ್ಟಿಕ್ಕು. ಬಿಸಿಲಿಗೆ ನಿಂತೂ ನಿಂತೂ ಅದರ ಮೇಲ್ಪದರ ಹಳದಿಯಾಗಿ, ಕಣ್ಣಿಗೆ ಪೊರೆ ಬಂದ ಹಾಗಾಗುತ್ತದೆ. ಒಳಗಿನ ಬಲ್ಬು ಹೊಸದಾದರೂ ಪ್ರಯೋಜನವಿಲ್ಲ. 800, 1500, 2000 ನಂಬರಿನ ವಾಟರ್ ಪೇಪರನ್ನು ಈ ಕ್ರಮದಲ್ಲೇ ನೀರು ಹಾಕುತ್ತಾ ಉಜ್ಜಿ, ನಂತರ ಪಾಲಿಷ್ ಹಚ್ಚಿದರೆ ತಿಳಿಯಾಗುತ್ತದೆ. ಬಿಸಿಲು ತಡೆಯುವ ಲ್ಯಾಕರನ್ನು ಮೇಲೆ ಹೊಡೆಸಬೇಕು. ಇಲ್ಲವಾದರೆ ಬೇಗನೆ ಮತ್ತೆ ಹಳದಿಯಾಗುತ್ತದೆ. ಟೂತ್‌ಪೇಸ್ಟಿನಲ್ಲಿ ಉಜ್ಜುವುದರಿಂದಲೂ ಸ್ವಲ್ಪ ಹೊಳಪು ಬರುತ್ತದೆ, ಹೆಚ್ಚು ದಿನ ನಿಲ್ಲುವುದಿಲ್ಲ. ಒಳಗಿರುವ ರಿಫ್ಲೆಕ್ಟರನ್ನು ಮಾತ್ರ ಬಟ್ಟೆಯಿಂದ ಒರೆಸಲು ಹೋಗಬೇಡಿ. ಅದರ ಬೆಳ್ಳಿ ಬಣ್ಣದ ಲೇಪ ಬಹಳ ತೆಳು, ಬಟ್ಟೆಗೇ ಅಂಟಿಕೊಂಡು ಬಂದುಬಿಡುತ್ತದೆ. ಅದು ಕಪ್ಪಿಟ್ಟಿದ್ದರೆ ಇಡೀ ದೀಪವನ್ನೇ ಬದಲಿಸಬೇಕು.

ಎರಡನೆಯದು ಬೆಳಕು ಬೀಳುವ ದಿಕ್ಕು. ಹಾಲಿನ ಗಾಡಿಗಳಲ್ಲಿ ನಾನು ಹೆಚ್ಚಾಗಿ ಕಾಣುವ ದೋಷ ಇದೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. 40 ಲೀಟರಿನ ಹತ್ತು ಕ್ಯಾನು ತುಂಬಿದರೆ ಹಾಲಿನ ತೂಕವೇ 410 ಕಿಲೋ ದಾಟುತ್ತದೆ, ಕ್ಯಾನಿನ ತೂಕ ಬೇರೆ. ಭಾರವೆಲ್ಲ ಹಿಂದೆ. ಹಿಂಭಾಗ ಎರಡು ಇಂಚು, ಅಂದರೆ 5 ಸೆಂ.ಮೀ. ಕುಸಿಯಿತು ಎನ್ನಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಎರಡೂವರೆ ಮೀಟರು ಅಂತರವಿರುವ ಗಾಡಿಯಲ್ಲಿ, 25 ಮೀಟರು ದೂರಕ್ಕೆ ಹೋಗುವಷ್ಟರಲ್ಲಿ ಬೆಳಕು ಅರ್ಧ ಮೀಟರು ಮೇಲೆದ್ದಿರುತ್ತದೆ. ಡಿಮ್ ಹಾಕಿದ್ದರೂ ಎದುರಿನವನ ಕಣ್ಣಿಗೆ ಅದು ಹೈ ಬೀಮೇ. ಅವನು ಬೈಯುತ್ತಾನೆ, ನಿಮಗೋ ರಸ್ತೆಯ ಗುಂಡಿ ಕಾಣುವುದಿಲ್ಲ, ಮರದ ಕೊಂಬೆ ಚೆನ್ನಾಗಿ ಕಾಣುತ್ತದೆ!

ಆದ್ದರಿಂದ ಹೆಡ್‌ಲೈಟನ್ನು ದಿನನಿತ್ಯದ ಹೊರೆ ಹೇರಿಯೇ ಸರಿಪಡಿಸಬೇಕು. ಸಂಘದ ಕಟ್ಟಡದ ಗೋಡೆಯೇ ಸಾಕು. ನೆಲ ಸಮನಾಗಿರುವ ಕಡೆ, ಟೈರಿನ ಗಾಳಿ ಸರಿಯಾಗಿಟ್ಟು, ಚಾಲಕನನ್ನು ಕೂರಿಸಿ, ಗೋಡೆಯಿಂದ ಏಳೂವರೆ ಮೀಟರು, ಅಂದರೆ 25 ಅಡಿ ದೂರಕ್ಕೆ ಗಾಡಿ ನಿಲ್ಲಿಸಿ. ನೆಲದಿಂದ ದೀಪದ ನಡುಮಧ್ಯಕ್ಕೆ ಎಷ್ಟು ಎತ್ತರವಿದೆಯೋ ಅಷ್ಟೇ ಎತ್ತರದಲ್ಲಿ ಗೋಡೆಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ಮಬ್ಬುಗತ್ತಲಲ್ಲಿ ಡಿಮ್ ಹಾಕಿದರೆ ಬೆಳಕಿನ ಮೇಲಂಚು ಆ ಗೆರೆಗಿಂತ ಮೂರು ಇಂಚು ಕೆಳಗೆ ಇರಬೇಕು. ಎಡಗಡೆ ಅಂಚು ಸ್ವಲ್ಪ ಮೇಲಕ್ಕೆ ಏರಿರುವುದು ಸರಿಯೇ. ನಾವು ಎಡಗಡೆ ಓಡಿಸುವವರಾದ್ದರಿಂದ ರಸ್ತೆಯ ಪಕ್ಕ, ಅಲ್ಲಿ ನಡೆಯುವವರು ಕಾಣಲೆಂದು ಹಾಗೆ ಮಾಡಿರುತ್ತಾರೆ. ದೀಪದ ಹಿಂದೆ ಸಾಮಾನ್ಯವಾಗಿ ಎರಡು ಸ್ಕ್ರೂ ಇರುತ್ತವೆ, ಒಂದು ಮೇಲೆ ಕೆಳಗೆ, ಇನ್ನೊಂದು ಅಕ್ಕಪಕ್ಕ. ಹೊಸ ಗಾಡಿಗಳ ಡ್ಯಾಶ್‌ಬೋರ್ಡಿನಲ್ಲಿ 0 ಯಿಂದ 3ರವರೆಗೆ ಅಂಕಿ ಇರುವ ಸಣ್ಣ ಚಕ್ರವಿದ್ದರೆ ಅದು ಇದಕ್ಕೇ. ಗೋಡೆಯ ಮುಂದೆ ಹೊಂದಿಸುವಾಗ ಅದನ್ನು 0 ಯಲ್ಲಿಟ್ಟು, ಗಾಡಿ ಖಾಲಿ ಇರುವಾಗ ಸ್ಕ್ರೂ ಸರಿಮಾಡಿ. ಆಮೇಲೆ ಹೊರೆ ಹೇರಿದಾಗ ಚಕ್ರವನ್ನು ತಿರುಗಿಸಿ ಬೆಳಕು ತಗ್ಗಿಸಿಕೊಳ್ಳಬಹುದು. ಬಹಳ ಜನ ಅದನ್ನು ಮುಟ್ಟಿಯೇ ಇರುವುದಿಲ್ಲ.

ಮೂರನೆಯದು ವಿದ್ಯುತ್ತು. ತೋಟದ ಮೋಟಾರಿಗೆ ಸಣ್ಣ ವೈರು ಎಳೆದು ವೋಲ್ಟೇಜು ಸಾಲದೆ ಪರದಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜು ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬೆಳಕು ಹತ್ತರಲ್ಲಿ ಒಂದಲ್ಲ, ಸುಮಾರು ಮೂರು ಪಾಲು ಇಳಿಯುತ್ತದೆ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8 ರಿಂದ 14.4 ವೋಲ್ಟ್ ಇರಬೇಕು. ದೀಪ ಹಚ್ಚಿಟ್ಟೇ ಬಲ್ಬಿನ ಹೋಲ್ಡರಿನಲ್ಲಿ ಅಳೆದಾಗ ಅದಕ್ಕಿಂತ ಅರ್ಧ ವೋಲ್ಟಿಗಿಂತ ಹೆಚ್ಚು ಕಡಿಮೆ ಬಂದರೆ ದಾರಿಯಲ್ಲಿ ಎಲ್ಲೋ ಸೋರಿಕೆಯಿದೆ ಎಂದು ತಿಳಿಯಬೇಕು. ಅದು ಕಿಲುಬು ಹಿಡಿದ ಟರ್ಮಿನಲ್ಲು, ಸುಟ್ಟ ಸ್ವಿಚ್ಚು ಅಥವಾ ತುಕ್ಕು ಹಿಡಿದ ಅರ್ಥಿಂಗು.

ಅರ್ಥಿಂಗ್ ಕೆಟ್ಟಿರುವುದನ್ನು ಮೀಟರಿಲ್ಲದೆಯೂ ಪತ್ತೆ ಹಚ್ಚಬಹುದು. ಡಿಮ್ ಹಾಕಿದಾಗ ಒಂದು ದೀಪ ಮಾತ್ರ ಕೆಂಪಗೆ ಮಂಕಾಗಿ ಉರಿಯುತ್ತಾ, ಮುಂದಿನ ನೀಲಿ ದೀಪ ತಾನೇ ಮಿಣುಕುತ್ತಿದ್ದರೆ ಸಾಮಾನ್ಯವಾಗಿ ಅದೇ ಕಾರಣ. ವಿದ್ಯುತ್ತಿಗೆ ಮರಳುವ ದಾರಿ ಸಿಗದೆ ಬಲ್ಬಿನ ಇನ್ನೊಂದು ತಂತಿಯ ಮೂಲಕ ಸುತ್ತಿ ಬಳಸಿ ಹೋಗುತ್ತಿರುತ್ತದೆ. ಬ್ಯಾಟರಿಯ ಮೈನಸ್‌ನಿಂದ ಒಂದು ವೈರು ತಂದು ಆ ಹೋಲ್ಡರಿನ ಅರ್ಥ್ ವೈರಿಗೆ ತಾಗಿಸಿ. ಬೆಳಕು ಏರಿದರೆ ರೋಗ ಗೊತ್ತಾಯಿತು. ಬಾಡಿಗೆ ಬಿಗಿದಿರುವ ಸ್ಕ್ರೂ ಬಿಚ್ಚಿ, ಬಣ್ಣ, ತುಕ್ಕು ಕೆರೆದು, ಮತ್ತೆ ಬಿಗಿದರೆ ಖರ್ಚೇ ಇಲ್ಲ. ಹಳೆಯ ಗಾಡಿಗಳಲ್ಲಿ ಹೆಡ್‌ಲೈಟಿನ ಪೂರ್ತಿ ವಿದ್ಯುತ್ತು ಸ್ವಿಚ್ಚಿನ ಮೂಲಕವೇ ಹಾಯುತ್ತದೆ. ಅಂಥವಕ್ಕೆ ರಿಲೇ ಹಾಕಿಸಿ, ಬ್ಯಾಟರಿಯಿಂದ ಫ್ಯೂಸಿನ ಮೂಲಕ ದಪ್ಪ ವೈರನ್ನು ನೇರವಾಗಿ ಎಳೆಸಿದರೆ, ಇರುವ ಬಲ್ಬೇ ಹೊಸದರಂತೆ ಉರಿಯುತ್ತದೆ. ಒಳ್ಳೆಯ ಎಲೆಕ್ಟ್ರೀಷಿಯನ್‌ಗೆ ಇದು ಹೆಚ್ಚು ಹೊತ್ತಿನ ಕೆಲಸವಲ್ಲ.

ಇಷ್ಟಾದ ಮೇಲೆ ಬಲ್ಬು. ಬಹಳಷ್ಟು ಕಾರು, ವ್ಯಾನು, ಜೀಪುಗಳಿಗೆ ಎಚ್‌-4 ಎಂಬ ಮೂರು ಕಾಲಿನ ಬಲ್ಬು ಬರುತ್ತದೆ: 12 ವೋಲ್ಟ್, 60/55 ವ್ಯಾಟ್. ಒಳಗೆ ಎರಡು ತಂತಿ, ಒಂದು ಹೈ ಬೀಮಿಗೆ, ಒಂದು ಡಿಮ್ಮಿಗೆ. ಗಾಜಿನ ಒಳಮೈ ಕಪ್ಪಾಗಿದ್ದರೆ ಅಥವಾ ತಂತಿ ಜೋತಿದ್ದರೆ ಉರಿಯುತ್ತಿದ್ದರೂ ಬದಲಿಸಿ. ಒಂದು ಹೋದರೆ ಎರಡನ್ನೂ ಹಾಕುವುದು ಒಳ್ಳೆಯದು, ಎರಡೂ ಅಷ್ಟೇ ಗಂಟೆ ಉರಿದಿರುತ್ತವೆ. ದೀಪ ಆರಿಸಿ ತಣ್ಣಗಾಗಲು ಬಿಡಿ. ಹೋಲ್ಡರನ್ನು ವೈರು ಹಿಡಿದು ಎಳೆಯದೆ, ಹೋಲ್ಡರನ್ನೇ ಹಿಡಿದು ಬಿಚ್ಚಿ. ರಬ್ಬರ್ ಟೋಪಿ ತೆಗೆದು, ಸ್ಪ್ರಿಂಗ್ ಕ್ಲಿಪ್ಪು ಸರಿಸಿದರೆ ಬಲ್ಬು ಈಚೆ ಬರುತ್ತದೆ. ಹೊಸದರ ಗಾಜನ್ನು ಬೆರಳಿನಿಂದ ಮುಟ್ಟಬಾರದು. ಕೈಯ ಜಿಡ್ಡು ಅಂಟಿದ ಜಾಗ ಹೆಚ್ಚು ಕಾದು ಬಲ್ಬು ಬೇಗ ಹೋಗುತ್ತದೆ. ಹಾಲು ಕರೆದು ಬಂದ ಕೈಗೆ ಹರಳೆಣ್ಣೆಯೋ ಬೆಣ್ಣೆಯೋ ಮೆತ್ತಿರುವುದು ಸಹಜ. ಅಕಸ್ಮಾತ್ ಮುಟ್ಟಿದರೆ ಸ್ಪಿರಿಟ್ ಹಚ್ಚಿದ ಶುಭ್ರ ಬಟ್ಟೆಯಲ್ಲಿ ಒರೆಸಿ. ಬಲ್ಬಿನ ಬಿಲ್ಲೆಗೆ ಮೂರು ಕಿವಿಗಳಿವೆ, ಅಗಲವಾದದ್ದು ಮೇಲೆ ಬರಬೇಕು. ಒಂದೇ ರೀತಿಯಲ್ಲಿ ಕೂರುತ್ತದೆ. ಒತ್ತಾಯದಿಂದ ಸೊಟ್ಟಗೆ ಕೂರಿಸಿದರೆ ಬೆಳಕು ಎಲ್ಲೆಲ್ಲೋ ಹೋಗುತ್ತದೆ. ರಬ್ಬರ್ ಟೋಪಿ ಮರೆತರೆ ಮಳೆ ನೀರು ಒಳಸೇರುತ್ತದೆ.

ಅಂಗಡಿಯಲ್ಲಿ 100/90 ವ್ಯಾಟಿನ ಬಲ್ಬು ತೋರಿಸುತ್ತಾರೆ. ತೆಗೆದುಕೊಳ್ಳಬೇಡಿ. 60ರ ಜಾಗದಲ್ಲಿ 100 ಹಾಕಿದರೆ ವೈರಿನಲ್ಲಿ ಹುಟ್ಟುವ ಶಾಖ ಹೆಚ್ಚುಕಡಿಮೆ ಎರಡು ಮುಕ್ಕಾಲು ಪಟ್ಟಾಗುತ್ತದೆ. ಹೋಲ್ಡರು ಕರಗಿ ಬಲ್ಬಿಗೇ ಅಂಟಿಕೊಂಡಿದ್ದ ಗಾಡಿಯನ್ನು ನಾನು ನಮ್ಮ ಹಾಲಿನ ಮಾರ್ಗದಲ್ಲೇ ನೋಡಿದ್ದೇನೆ. ಪುಣ್ಯಕ್ಕೆ ಹಿಂದೆ ಹುಲ್ಲಿನ ಹೊರೆ ಇರಲಿಲ್ಲ. ಹ್ಯಾಲೊಜನ್ ದೀಪದೊಳಗೆ ಎಲ್‌ಇಡಿ ಬಲ್ಬು ಸಿಕ್ಕಿಸುವುದು ಈಗಿನ ಹುಚ್ಚು. ಬಿಳಿ ಬೆಳಕು ಹತ್ತಿರದಲ್ಲಿ ಹಾಲು ಚೆಲ್ಲಿದಂತೆ ಬಿದ್ದು ಖುಷಿಯಾಗುತ್ತದೆ, ದೂರದ ರಸ್ತೆ ಮಾತ್ರ ಕಾಣುವುದಿಲ್ಲ. ಆ ರಿಫ್ಲೆಕ್ಟರನ್ನು ಸಣ್ಣ ತಂತಿಯ ಜಾಗಕ್ಕೆ ಸರಿಯಾಗಿ ಮಾಡಿರುವುದರಿಂದ, ಬೇರೆ ಆಕಾರದ ಬೆಳಕು ಚದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಕಾರ್ಖಾನೆಯಿಂದಲೇ ಎಲ್‌ಇಡಿ ಬಂದ ಗಾಡಿಯ ಮಾತು ಬೇರೆ. ಅಲ್ಲಿ ಬಲ್ಬು ಬದಲಿಸುವಂತಿಲ್ಲದಿದ್ದರೆ ವರ್ಕ್‌ಶಾಪಿಗೇ ಒಯ್ಯಬೇಕು.

ಮೊಪೆಡ್, ಬೈಕಿನಲ್ಲಿ ಹಾಲು ತರುವ ಸದಸ್ಯರೇ ಹೆಚ್ಚು. ಏಪ್ರಿಲ್ 2017ರಿಂದ ಬಂದ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಶುರುವಾದ ಕೂಡಲೇ ದೀಪ ಹತ್ತುತ್ತದೆ. ಅದಕ್ಕಿಂತ ಹಳೆಯ ಅನೇಕ ಮೊಪೆಡ್‌ಗಳಲ್ಲಿ ಎಂಜಿನ್ ನಿಧಾನವಾದರೆ ಬೆಳಕೂ ಇಳಿಯುತ್ತದೆ. ಅದು ದೋಷವಲ್ಲ, ರಚನೆಯೇ ಹಾಗೆ. ಎರಡೂ ಕಡೆ ಕ್ಯಾನು ತೂಗುಹಾಕಿದಾಗ ಇಲ್ಲೂ ಮೂತಿ ಮೇಲೇಳುತ್ತದೆ, ದೀಪದ ಬೋಲ್ಟ್ ಸಡಿಲಿಸಿ ಒಂದಿಷ್ಟು ಬಗ್ಗಿಸಿಕೊಳ್ಳಿ. ಕ್ಯಾನು ಹಿಂದಿನ ಕೆಂಪು ದೀಪವನ್ನು ಮರೆಮಾಡುತ್ತಿದ್ದರೆ ಕ್ಯಾನಿಗೇ ಕೆಂಪು ರೇಡಿಯಂ ಪಟ್ಟಿ ಅಂಟಿಸಿ.

ಎಲ್ಲವೂ ಸರಿಯಿದ್ದೂ ಕಾಣದಿದ್ದರೆ ದೋಷ ಗಾಡಿಯದಲ್ಲ, ಕಣ್ಣಿನದು. ತಿಂಗಳುಗಟ್ಟಲೆ ಹಸಿರು ಮೇವಿಲ್ಲದೆ ಒಣಹುಲ್ಲೊಂದನ್ನೇ ತಿಂದ ಕರುಗಳಿಗೆ ‘ಎ’ ಜೀವಸತ್ವದ ಕೊರತೆಯಿಂದ ಇರುಳುಗಣ್ಣು ಬರುವುದನ್ನು ತಾವು ಕೇಳಿದ್ದೀರಿ, ಮನುಷ್ಯರಿಗೂ ಅದುಂಟು. ಆದರೆ ಐವತ್ತು ದಾಟಿದವರಲ್ಲಿ ಹೆಚ್ಚಾಗಿ ಪೊರೆಯೇ ಕಾರಣ. ಎದುರಿನ ದೀಪದ ಸುತ್ತ ಬಳೆಯಂತೆ ಬೆಳಕು ಹರಡಿ ಕಂಡರೆ ಬಲ್ಬಿನ ಅಂಗಡಿಗಿಂತ ಕಣ್ಣಿನ ವೈದ್ಯರಲ್ಲಿಗೆ ಮೊದಲು ಹೋಗಿ.

ದನದ ಯಜಮಾನರಿಗೂ ಒಂದು ಮಾತು. ಸಂಜೆಯ ಮೇಲೆ ರಸ್ತೆ ಅಂಚಿಗೆ ಗೂಟ ಹೊಡೆಯಬೇಡಿ. ಉದ್ದ ಹಗ್ಗದ ಹಸು ಟಾರಿನ ಮೇಲೇ ಮಲಗುತ್ತದೆ. ಮೇಯಲು ಬಿಡುವ ದನಗಳ ಕೊಂಬಿಗೆ, ಕೊರಳ ಪಟ್ಟಿಗೆ ರೇಡಿಯಂ ಪಟ್ಟಿ ಸುತ್ತಿ. ಹಿಂದಿನಿಂದ ಬರುವವನಿಗೂ ಕಾಣುವಂತೆ ಪೂರ್ತಿ ಸುತ್ತು ಬರಬೇಕು.

ಡಿಸೆಂಬರ್-ಜನವರಿಯಲ್ಲಿ ಮಂಜು ಕವಿದಾಗ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೇ ಬಡಿದು ಬಿಳಿ ಗೋಡೆಯಂತೆ ವಾಪಸು ಬರುತ್ತದೆ. ಡಿಮ್ಮಿನಲ್ಲೇ, ನಿಧಾನವಾಗಿ ಬನ್ನಿ. ಒಂದು ಹೆಚ್ಚುವರಿ ಬಲ್ಬು, ಎರಡು ಫ್ಯೂಸನ್ನು ಡಬ್ಬಿ ಸಮೇತ ಬಟ್ಟೆಯಲ್ಲಿ ಸುತ್ತಿ ಗಾಡಿಯಲ್ಲಿಡಿ. ಬೆಳಗಿನ ಐದು ಗಂಟೆಗೆ ಯಾವ ಅಂಗಡಿಯೂ ತೆರೆದಿರುವುದಿಲ್ಲ.