ಚಕ್ರದ ಮನೆಯಲ್ಲಿ ದೀಪದ ಲೆಕ್ಕ

ಅಮೆರಿಕದ ಅರಿಜೋನಾ ಪ್ರಾಂತದಲ್ಲಿ ಕ್ವಾರ್ಟ್ಸೈಟ್ ಎಂಬ ಸಣ್ಣ ಊರೊಂದುಂಟು. ಬೇಸಿಗೆಯಲ್ಲಿ ಕಾದ ಹಂಚಿನಂತಿರುವ ಈ ಊರಿಗೆ, ಚಳಿಗಾಲ ಬಂದಿತೆಂದರೆ ಉತ್ತರದ ಹಿಮದ ಸೀಮೆಗಳಿಂದ ಸಾವಿರಾರು ವೃದ್ಧ ದಂಪತಿಗಳು ಬಂದಿಳಿಯುತ್ತಾರೆ. ಅವರ ವಾಹನದ ಹಿಂದೆ ಅವರ ಮನೆಯೂ ಉರುಳುತ್ತಾ ಬರುತ್ತದೆ. ಟ್ರೇಲರ್ ಎಂದು ಅದರ ಹೆಸರು. ಊರ ಸುತ್ತಣ ಸರ್ಕಾರಿ ಮರುಭೂಮಿಯಲ್ಲಿ ಬಿಡಾರ ಹೂಡಲು ಅನುಮತಿಯುಂಟು. ಆದರೆ ವಿದ್ಯುತ್ತಿನ ತಂತಿ ಮಾತ್ರ ಬಿಡಾರದ ಬಾಗಿಲಿಗೆ ಬಾರದು. ಅವರವರ ಬೆಳಕನ್ನು ಅವರವರೇ ಹೊತ್ತು ತರಬೇಕು.

2023ರ ಜನವರಿಯಲ್ಲಿ ನಾವು ಫೀನಿಕ್ಸ್ ನಗರದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಅವನು ಟ್ರೇಲರೊಂದನ್ನು ಬಾಡಿಗೆಗೆ ಪಡೆದು, ಸುಮಾರು 200 ಕಿಲೋಮೀಟರು ದೂರದ ಈ ಮರುಭೂಮಿಗೆ ನಮ್ಮಿಬ್ಬರನ್ನೂ ಮೂರು ದಿನದ ಮಟ್ಟಿಗೆ ಕರೆದೊಯ್ದನು. ನನಗೆ ನಿದ್ರೆಯಲ್ಲಿ ಉಸಿರು ಕಟ್ಟುವ ಉಪದ್ರವವುಂಟು. ಮೂಗಿಗೆ ಒತ್ತಡದಿಂದ ಗಾಳಿ ಊದುವ ಪುಟ್ಟ ಯಂತ್ರವೊಂದನ್ನು ಕಟ್ಟಿಕೊಂಡೇ ನಾನು ಮಲಗಬೇಕು. ಮೊದಲನೆಯ ರಾತ್ರಿ, ಮೂರು ಗಂಟೆಯ ಸುಮಾರಿಗೆ, ಆ ಯಂತ್ರ ನಿಂತುಹೋಯಿತು! ಉಸಿರಿಗೆ ತಡಕಾಡುತ್ತಾ ಎದ್ದು ಕುಳಿತೆ. ದೀಪ ಹತ್ತಲಿಲ್ಲ. ಕೋಣೆಯನ್ನು ಬೆಚ್ಚಗಿಡುವ ಒಲೆಯೂ ತಣ್ಣಗಾಗಿತ್ತು. ಬೆಳಗಾಗುವವರೆಗೆ ನನ್ನಾಕೆ ನನ್ನನ್ನು ಮಲಗಗೊಡಲಿಲ್ಲ.

"ಚಾವಣಿಯ ಮೇಲೆ 200 ವಾಟಿನ ಸೌರಫಲಕವಿದೆ, 100 ಆಂಪಿಯರ್-ಗಂಟೆಯ ಬ್ಯಾಟರಿಯಿದೆ. ಸಾಲದೆ ಹೇಗೆ ಹೋಯಿತಮ್ಮಾ?" ಎಂದು ಮಗ ತಲೆ ಕೆರೆದುಕೊಂಡನು. ಅವನು ಇಂಜಿನಿಯರನೇ, ಆದರೆ ಮನೆವಾರ್ತೆ ನಡೆಸಿದವನಲ್ಲ. ನನ್ನಾಕೆ ಕೈಚೀಲದಿಂದ ಲೆಕ್ಕದ ಪುಸ್ತಕವನ್ನು ತೆಗೆದಳು. "ಫಲಕದ ವರಮಾನವೆಷ್ಟು, ಖರ್ಚೆಷ್ಟು, ಒಂದೊಂದಾಗಿ ಹೇಳೋ" ಎಂದಳು.

ಒಂದು ವಾಟಿನ ದೀಪ ಒಂದು ಗಂಟೆ ಉರಿದರೆ ಒಂದು ವಾಟ್-ಗಂಟೆ. 12 ವೋಲ್ಟಿನ ಆ ಬ್ಯಾಟರಿಯಲ್ಲಿ ಹಿಡಿಯುವುದು 1200. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಬರಿದು ಮಾಡುತ್ತಿದ್ದರೆ ಅದರ ಆಯುಷ್ಯ ಬೇಗ ಸವೆಯುವುದು. ಆದುದರಿಂದ ಕೈಗೆ ಸಿಕ್ಕುವ ಹಣ 600 ಮಾತ್ರ. ಇನ್ನು ಖರ್ಚು: ಒಲೆ ಉರಿಯುವುದು ಗ್ಯಾಸಿನಿಂದಲೇ ಆದರೂ ಬಿಸಿಗಾಳಿಯನ್ನು ದೂಡುವ ಫ್ಯಾನಿಗೆ 85 ವಾಟು ಬೇಕು, ಚಳಿಗೆ ರಾತ್ರಿಯಲ್ಲಿ ಐದು ಗಂಟೆ ತಿರುಗಿದರೆ 425. ನನ್ನ ಯಂತ್ರ ಗಾಳಿ ಊದುವುದಕ್ಕೆ 30 ವಾಟು ಸಾಕು. ಗಾಳಿಯನ್ನು ತೇವಗೊಳಿಸಲು ಅದರೊಳಗೆ ನೀರು ಕಾಯಿಸುವುದರಿಂದ 60 ಆಗಿ, ಎಂಟು ಗಂಟೆಗೆ 480. ಸಂಜೆಯ ಕಾಫಿಗೆಂದು ವಿದ್ಯುತ್ ಕೆಟಲಿನಲ್ಲಿ ಹತ್ತು ನಿಮಿಷ ಕಾಯಿಸಿದ ನೀರಿಗೆ 170. ದೀಪ, ನೀರಿನ ಪಂಪು ಎಲ್ಲ ಸೇರಿ 50. ಒಟ್ಟು 1125! ಬ್ಯಾಟರಿಯ ವಿದ್ಯುತ್ತನ್ನು ಗೋಡೆಯ ಸಾಕೆಟ್ಟಿನ ವಿದ್ಯುತ್ತಾಗಿ ಮಾರ್ಪಡಿಸುವ ಇನ್ವರ್ಟರು ನಡುವೆ ನುಂಗುವ ಪಾಲು ಇದಕ್ಕೆ ಸೇರಿಲ್ಲ. ಶಾಖ ಹುಟ್ಟಿಸುವ ಉಪಕರಣಗಳೇ ಹೊಟ್ಟೆಬಾಕರು.

ವರಮಾನದ ಕಡೆಗೂ ಒಂದು ತಮಾಷೆ ನಡೆದಿತ್ತು. ನಮ್ಮ ದೇಶದ ಅಭ್ಯಾಸ ನೋಡಿ, ಮಗ ಆ ಬಯಲಿನಲ್ಲೂ ಪಾಲೋ ವರ್ಡೆ ಮರವೊಂದನ್ನು ಹುಡುಕಿ ಅದರ ನೆರಳಿಗೆ ಟ್ರೇಲರು ನಿಲ್ಲಿಸಿದ್ದನು! ಫಲಕದ ಕೋಶಗಳು ಸರಪಳಿಯ ಕೊಂಡಿಗಳಂತೆ ಜೋಡಣೆಗೊಂಡಿರುತ್ತವೆ. ಕೆಲವಕ್ಕೆ ಕೊಂಬೆಯ ನೆರಳು ಬಿದ್ದರೂ ಉಳಿದವುಗಳ ಉತ್ಪತ್ತಿ ಕುಗ್ಗುವುದು. 1954ರಲ್ಲಿ ಬೆಲ್ ಪ್ರಯೋಗಶಾಲೆಯವರು ತೋರಿಸಿದ ಸಿಲಿಕಾನ್ ಕೋಶವು ಬಿಸಿಲಿನ ನೂರರಲ್ಲಿ ಆರು ಪಾಲನ್ನು ವಿದ್ಯುತ್ತಾಗಿಸುತ್ತಿತ್ತು, ಇಂದಿನ ಒಳ್ಳೆಯ ಫಲಕ ಇಪ್ಪತ್ತನ್ನು ದಾಟಿದೆ. ಆದರೆ ನೆರಳಿಗೆ ಮದ್ದಿಲ್ಲ. ಬಯಲಿಗೆಳೆದರೂ, ಜನವರಿಯ ಓರೆ ಬಿಸಿಲಿಗೆ ಚಾವಣಿಯ ಮೇಲೆ ಮಟ್ಟಸವಾಗಿ ಮಲಗಿದ ಫಲಕದಿಂದ ದಿನಕ್ಕೆ 500ರ ಸುಮಾರಷ್ಟೇ ಬಂದೀತು.

ನೆರೆಯ ಬಿಡಾರದ ಅಜ್ಜನೊಬ್ಬರು ಬರಿದಾದ ಬ್ಯಾಟರಿಯನ್ನು ತುಂಬಿಸಿಕೊಳ್ಳಲು ಪೆಟ್ರೋಲ್ ಜನರೇಟರನ್ನು ಎರವಲು ಕೊಟ್ಟರು. ಅವರದು ಲಿಥಿಯಂ ಬ್ಯಾಟರಿ. ತೂಕ ಅರ್ಧ, 1200ರಲ್ಲಿ ಬಹುಪಾಲನ್ನೂ ಬಳಸಬಹುದು. ಬೆಲೆ ಹೆಚ್ಚು, ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ತುಂಬಿಸಬಾರದು.

ಆ ದಿನ ನನ್ನಾಕೆ ಬಜೆಟ್ ಹೊರಡಿಸಿದಳು. ಕಾಫಿಗೆ ಗ್ಯಾಸಿನ ಒಲೆ. ನನ್ನ ಯಂತ್ರದ ನೀರು ಕಾಯಿಸುವ ಭಾಗ ಬಂದ್. ಅದನ್ನು ಇನ್ವರ್ಟರಿಲ್ಲದೆ 12 ವೋಲ್ಟಿನ ತಂತಿಗೇ ಜೋಡಿಸುವುದು, 240. ಮಲಗುವ ಮುನ್ನ ಫ್ಯಾನು ಎರಡು ಗಂಟೆ, 170. ಅನಂತರ ಇದ್ದಬದ್ದ ಕಂಬಳಿಗಳು. ಇತರೇ 50. ಒಟ್ಟು 460.

ಆ ರಾತ್ರಿ ಮೂಗು ಕೊಂಚ ಒಣಗಿತು, ನಿದ್ರೆ ಮುರಿಯಲಿಲ್ಲ. ಬೆಳಿಗ್ಗೆ ಮೀಟರು 12.2 ವೋಲ್ಟ್ ತೋರಿಸುತ್ತಿತ್ತು. "ಇನ್ನೂ ಅರ್ಧ ಉಳಿದಿದೆಯಮ್ಮಾ" ಎಂದು ಮಗ ಕೂಗಿದನು. ನನ್ನಾಕೆ ಕನ್ನಡಕ ಏರಿಸಿಕೊಂಡು ಅದನ್ನು ಜಮಾ ಕಡೆಗೆ ಬರೆದುಕೊಂಡಳು.