ಯಕೃತ್ತಿನ ಅಕಾಲವಾರ್ಧಕ್ಯ

ಮುಪ್ಪು ಎಂದೊಡನೆ ನಮಗೆ ನರೆತ ಕೂದಲೂ ಸುಕ್ಕಿದ ಚರ್ಮವೂ ನೆನಪಿಗೆ ಬರುವುವು. ಆದರೆ ಕಣ್ಣಿಗೆ ಕಾಣದೆ ಒಳಗೇ ಮುಪ್ಪಾಗುವ ಅಂಗಗಳೂ ಉಂಟು. ಅವುಗಳಲ್ಲಿ ಯಕೃತ್ತಿನ ವಿಚಾರವನ್ನು ಈ ಹೊತ್ತು ನಾವು ನೋಡೋಣ.

ವಯಸ್ಕರಲ್ಲಿ ಸುಮಾರು 1.5 ಕಿಲೋಗ್ರಾಂ ತೂಗುವ ಈ ಅಂಗವು ದೇಹದ ಸುಂಕದ ಕಟ್ಟೆಯಿದ್ದಂತೆ. ಕರುಳಿನಿಂದ ಹೊರಟ ರಕ್ತವು ಮೊದಲು ಇಲ್ಲಿಗೆ ಬಂದು, ಶೋಧನೆಯಾದ ಮೇಲೆಯೇ ಮುಂದೆ ಹೋಗತಕ್ಕದ್ದು. ಮೂರರಲ್ಲಿ ಎರಡು ಪಾಲನ್ನು ಕತ್ತರಿಸಿ ತೆಗೆದರೂ ಆರೋಗ್ಯವಾದ ಯಕೃತ್ತು ಮತ್ತೆ ಬೆಳೆಯಬಲ್ಲುದು. ಇಂತಹುದಕ್ಕೆ ಅಕಾಲದಲ್ಲಿ ಮುಪ್ಪು ಬರುವುದು ಹೇಗೆ?

ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಯಕೃತ್ತು ಕೆಟ್ಟು ಸತ್ತುವು. ಅವಕ್ಕೆ ಹಾಕಿದ್ದ ಕಡಲೆಕಾಯಿ ಹಿಂಡಿಯಲ್ಲಿ ಒಂದು ಬಗೆಯ ಬೂಷ್ಟು ಬೆಳೆದಿತ್ತು. ಅದರ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. 1974ರಲ್ಲಿ ಗುಜರಾತ್, ರಾಜಸ್ಥಾನಗಳ ಹಳ್ಳಿಗಳಲ್ಲಿ, ಅಕಾಲದ ಮಳೆಗೆ ನೆನೆದು ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ಬೇರೆ ಗತಿಯಿಲ್ಲದೆ ಉಂಡ 397 ಮಂದಿ ಕಾಮಾಲೆಗೆ ಗುರಿಯಾದರು; 106 ಮಂದಿ ಮೃತಪಟ್ಟರು. ಅದನ್ನೇ ತಿಂದ ನಾಯಿಗಳೂ ಸತ್ತುವು.

ವಿಚಿತ್ರವೇನೆಂದರೆ, ಈ ವಿಷಕ್ಕೆ ಹಲ್ಲು ಮೂಡುವುದು ಯಕೃತ್ತಿನಲ್ಲಿಯೇ. ಅದನ್ನು ಹೊರಹಾಕಲೆಂದು ಜೀವಕೋಶದ ಕಿಣ್ವಗಳು ಅದರ ರೂಪವನ್ನು ಮಾರ್ಪಡಿಸುವುವು. ಆ ಹೊಸ ರೂಪವೇ ಕೋಶದ ಡಿಎನ್ಎಗೆ, ಎಂದರೆ ವಂಶಲಿಪಿಗೆ, ಅಂಟಿಕೊಂಡು ಅದನ್ನು ಕೆಡಿಸುವುದು. ಗಾಯವು ಅಲ್ಪವಾದರೆ ಕೋಶವು ಸರಿಪಡಿಸಿಕೊಳ್ಳುವುದು. ಇಂತಹ ಗಾಯಗಳು ಮೇಲಿಂದ ಮೇಲೆ ಬಿದ್ದರೆ ಅದು ಇಮ್ಮಡಿಯಾಗುವುದನ್ನೇ ನಿಲ್ಲಿಸಬಹುದು. ಇದೇ ಕೋಶದ ಮುಪ್ಪು. ಕೆಟ್ಟ ಲಿಪಿಯು ಮುಂದಿನ ಪೀಳಿಗೆಗೆ ಹೋಗದಿರಲೆಂಬ ಏರ್ಪಾಡು ಇದು. ಆದರೆ ಮುದಿಕೋಶವು ಸುಮ್ಮನಿರದೆ, ಉರಿಯೂತವನ್ನೆಬ್ಬಿಸುವ ವಸ್ತುಗಳನ್ನು ಸ್ರವಿಸಿ ನೆರೆಯ ಕೋಶಗಳನ್ನೂ ಪೀಡಿಸುವುದು. ಇಂತಹವು ಹೆಚ್ಚಿದಂತೆ ನಾರು ಬೆಳೆದು ಯಕೃತ್ತು ಗಡುಸಾಗುವುದು. ಮರಳಿ ಬೆಳೆಯುವ ಶಕ್ತಿಯೂ ಕುಗ್ಗುವುದು. ತಡೆಯನ್ನು ಮೀರಿ ಬೆಳೆದ ಕೋಶದಿಂದ ಅರ್ಬುದವು ಹುಟ್ಟಬಹುದು. ಹೆಪಟೈಟಿಸ್ ಬಿ ಸೋಂಕು ಜೊತೆಗಿದ್ದರಂತೂ ಆ ಅಪಾಯವು ಹಲವು ಮಡಿಯಾಗುವುದು.

ಬೇಯಿಸಿದರೆ ದೋಷ ಹೋಯಿತೆಂಬುದು ನಮ್ಮ ಭ್ರಾಂತಿ. ಅಡಿಗೆಯ ಶಾಖಕ್ಕೆ ಈ ವಿಷವು ಪೂರ್ತಿಯಾಗಿ ನಾಶವಾಗದು. ಕಾಳನ್ನು ಚೆನ್ನಾಗಿ ಒಣಗಿಸಿ ತೇವ ತಗಲದಂತೆ ಇಡುವುದೂ, ಸುಕ್ಕಿದ ಹಾಗೂ ಬಣ್ಣಗೆಟ್ಟ ಬೀಜಗಳನ್ನು ಆರಿಸಿ ಎಸೆಯುವುದೂ ನಮ್ಮ ಕೈಯಲ್ಲಿರುವ ಉಪಾಯಗಳು.

ಬೂಷ್ಟು ಬಂದ ದವಸವನ್ನು ‘ದನಕ್ಕಾದೀತು, ಆಳಿಗಾದೀತು’ ಎಂದು ಕೊಟ್ಟುಬಿಡುವ ಅಭ್ಯಾಸವೂ ನಮ್ಮಲ್ಲಿ ಉಂಟು. ಹಸುವು ತಿಂದ ವಿಷದ ಒಂದು ಅಂಶವು ಹಾಲಿನೊಡನೆ ನಮ್ಮ ಮಕ್ಕಳ ಬಟ್ಟಲಿಗೇ ಮರಳುವುದು. ಆಳಿನ ಯಕೃತ್ತಾದರೂ ನಮ್ಮದಕ್ಕಿಂತ ಗಟ್ಟಿಯಾದುದೇನೂ ಅಲ್ಲ.